ಅಪ್ಪನ ಲಾಗಿನ್ ಪರದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಆಗ ನಮ್ಮ ರಾಜಾಜಿನಗರದ ಮನೆಯ ಹಳೇ ಡೆಸ್ಕ್‌ಟಾಪ್‌ನ ಗತಿ ಏನು ಅನ್ನೋ ಪ್ರಶ್ನೆ ಬಂತು. ವಿಂಡೋಸ್ 11 ಅದರಲ್ಲಿ ಹತ್ತಲ್ಲ. ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಡೆಬಿಯನ್ 13, ಎಕ್ಸ್‌ಎಫ್‌ಸಿಇ ಹಾಕಿದೆ. ಹಳೇ ಎತ್ತು ಮತ್ತೆ ನಡೆಯೋಕೆ ಶುರು ಮಾಡಿತು :-)

ಇದನ್ನ ಅಪ್ಪನಿಗೆ ಕೊಡೋಣ ಅಂದುಕೊಂಡೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಅಪ್ಪ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದವರು. ಒಂದೊಂದೇ ಮೊಳೆ ಆರಿಸಿ, ತಿರುಗುಮುರುಗಾಗಿ ಸಾಲು ಜೋಡಿಸ್ತಿದ್ರು. 1996ರಲ್ಲಿ ಆ ಪ್ರೆಸ್ಸಿಗೆ ಡಿಟಿಪಿ ಬಂತು, ಅಪ್ಪನ ಕೆಲಸ ಹೋಯಿತು. ಆಮೇಲೆ ರಿಟೈರ್ ಆಗೋವರೆಗೂ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ ಕೀಪರ್. ನಾನು ಇಂಜಿನಿಯರಿಂಗ್ ಸೇರಿದಾಗ ಖುಷಿಪಟ್ಟರು, ಆದರೆ ಕಂಪ್ಯೂಟರ್ ಮುಂದೆ ಮಾತ್ರ ಒಂದು ದಿನವೂ ಕೂತವರಲ್ಲ. ಕಾರಣ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ದಿನವೇ ಎಡವಟ್ಟು. ಡೆಬಿಯನ್‌ನ ಲೈಟ್‌ಡಿಎಂ ಮೊದಲಿಗೆ ಬಳಕೆದಾರರ ಪಟ್ಟಿ ತೋರಿಸೋದೇ ಇಲ್ಲ, ಹೆಸರನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಅಪ್ಪ ಬೂದು ಪರದೆ ನೋಡಿ, "ಬಾಗಿಲಲ್ಲೇ ನೀನ್ಯಾರು ಅಂತ ಕೇಳುತ್ತೆ ನಿನ್ ಮಿಷನ್ನು" ಅಂತ ಎದ್ದು ಹೋದ್ರು.

ಆ ಶನಿವಾರ ಪೂರ್ತಿ ಅದಕ್ಕೇ ಕೂತೆ. ಲೈಟ್‌ಡಿಎಂನ ಕಾನ್ಫಿಗ್ ಫೈಲಿನಲ್ಲಿ ಬಳಕೆದಾರರನ್ನು ಮುಚ್ಚಿಡೋ ಸಾಲನ್ನ 'ಫಾಲ್ಸ್' ಮಾಡಿದೆ, ಪಟ್ಟಿ ಬಂತು. ಲಾಗಿನ್ ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ, ಪರದೆ ಮೇಲೆ ಕಾಣೋ ಪೂರ್ಣ ಹೆಸರು ಬೇರೆ. ಅದನ್ನ ಯೂಸರ್‌ಮಾಡ್ ಆಜ್ಞೆಯಿಂದ ಕನ್ನಡಕ್ಕೆ ಬದಲಾಯಿಸಬಹುದು. ಗುಬ್ಬಿ ಫಾಂಟ್ ಹಾಕಿ, ಜಿಟಿಕೆ ಗ್ರೀಟರ್‌ನ ಫೈಲಿನಲ್ಲಿ ಅದರ ಹೆಸರು, ಅಳತೆ ಬರೆದೆ. ಇಡೀ ಸಿಸ್ಟಮ್ಮಿನ ಲೊಕೇಲ್ ಕನ್ನಡ ಮಾಡಿದ ಮೇಲೆ ಗಡಿಯಾರದ ಪಕ್ಕ 'ಶನಿವಾರ' ಅಂತ ಬಂತು. ನನಗೇ ಒಂಥರಾ ಖುಷಿ!

ಹಿನ್ನೆಲೆ ಚಿತ್ರ ಮಾತ್ರ ಸತಾಯಿಸಿತು. ಅಪ್ಪ ಮೊಳೆ ಜೋಡಿಸ್ತಾ ನಿಂತಿರೋ ಹಳೇ ಫೋಟೋ ಒಂದಿತ್ತು, ಸ್ಕ್ಯಾನ್ ಮಾಡಿ ನನ್ನ ಹೋಮ್ ಫೋಲ್ಡರಿನಲ್ಲಿ ಇಟ್ಟಿದ್ದೆ. ದಾರಿ ಸರಿಯಾಗೇ ಕೊಟ್ಟಿದ್ದೀನಿ, ಚಿತ್ರ ಬರಲ್ಲ! ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೀತು. ಲಾಗಿನ್ ಪರದೆ ಬರೋ ಹೊತ್ತಿಗೆ ನಾವಿನ್ನೂ ಒಳಗೆ ಹೋಗಿರಲ್ಲ. ಅದನ್ನ ನಡೆಸೋದು ಲೈಟ್‌ಡಿಎಂ ಅನ್ನೋ ಬೇರೆಯೇ ಬಳಕೆದಾರ. ಡೆಬಿಯನ್ 12ರಿಂದೀಚೆಗೆ ಹೊಸದಾಗಿ ಮಾಡೋ ಹೋಮ್ ಫೋಲ್ಡರ್ ಬೇರೆಯವರಿಗೆ ಬೀಗ. ಚಿತ್ರವನ್ನ ಎಲ್ಲರಿಗೂ ಕಾಣೋ ಬ್ಯಾಕ್‌ಗ್ರೌಂಡ್ಸ್ ಫೋಲ್ಡರಿಗೆ ಹಾಕಿದೆ, ಬಂತು. (ನೀವೂ ಪ್ರಯತ್ನಿಸೋದಾದ್ರೆ ಮೊದಲು ಮೂಲ ಫೈಲುಗಳ ಪ್ರತಿ ಇಟ್ಟುಕೊಳ್ಳಿ. ಕಪ್ಪು ಪರದೆ ಬಂದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ. ಕಾಲೇಜಿನಲ್ಲಿ ಇದನ್ನ ಕಷ್ಟಪಟ್ಟು ಕಲಿತವ ನಾನು!)

ಸಂಜೆ ಅಪ್ಪನನ್ನ ಕರೆದೆ. ನೋಡಿದ್ರು. ಫೋಟೋ ಬಗ್ಗೆ ಒಂದು ಮಾತೂ ಇಲ್ಲ. ಕನ್ನಡಕ ಏರಿಸಿಕೊಂಡು, ಬಗ್ಗಿ, ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

"ಒತ್ತಕ್ಷರ ಕೆಳಗಿನ ಗೆರೆಗೆ ತಾಗ್ತಾ ಇದೆ. ಒಂದು ಲೆಡ್ ಹಾಕು."

ಲೆಡ್ ಅಂದ್ರೆ ಸಾಲುಗಳ ಮಧ್ಯೆ ಜಾಗ ಬಿಡೋಕೆ ಇಡ್ತಿದ್ದ ಸೀಸದ ತೆಳು ಪಟ್ಟಿ. ಇಂಗ್ಲಿಷಿನಲ್ಲಿ ಇವತ್ತಿಗೂ ಸಾಲಿನ ಅಂತರಕ್ಕೆ 'ಲೆಡಿಂಗ್' ಅನ್ನೋದು ಅದರಿಂದಲೇ. ನಮ್ಮ ಕಾನ್ಫಿಗ್ ಫೈಲಿನಲ್ಲಿ ಲೆಡ್ ಇಲ್ಲ ಮಾರಾಯ್ರೆ! ಫಾಂಟಿನ ಅಳತೆಯನ್ನ 18ರಿಂದ 14ಕ್ಕೆ ಇಳಿಸಿದೆ. "ಹ್ಞಾ, ಈಗ ಉಸಿರಾಡ್ತು" ಅಂದ್ರು.

ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಒಂದೇ ಬೆರಳಲ್ಲಿ ಪಾಸ್‌ವರ್ಡ್ ಒತ್ತಿದ್ರು. ಮೊದಲ ಸಲ ತಪ್ಪಾಯ್ತು. ಎರಡನೇ ಸಲ ಬಾಗಿಲು ತೆಗೀತು.

ಈಗ ದಿನಾ ಬೆಳಗ್ಗೆ ಪೇಪರ್ ಅಲ್ಲೇ ಓದ್ತಾರೆ, ಅಚ್ಚಿನ ತಪ್ಪು ಹುಡುಕ್ತಾರೆ. ಮೊನ್ನೆ ಮಾತ್ರ ಒಂದು ದೂರು ಬಂತು: "ಆ ಫೋಟೋ ತೆಗಿಯೋ. ದಿನಾ ನನ್ ಮುಖ ನೋಡ್ಕೊಂಡೇ ಒಳಗೆ ಹೋಗ್ಬೇಕಾ?"

ಇನ್ನೂ ತೆಗೆದಿಲ್ಲ. ಅವರೂ ಮತ್ತೆ ಕೇಳಿಲ್ಲ :-)