ಹಸಿರು ನರಕದಲ್ಲಿ ಮಳೆ ಬಂತು!

ತೆರೆಯ ಮೇಲೆ ಹೀರೋ ಮಳೆಯಲ್ಲಿ ಕಾರು ಓಡಿಸಿದರೆ ನಾವು ಸೀಟಿ ಹೊಡೀತೀವಿ. ಕಾರು ಗಿರಕಿ ಹೊಡೆದಷ್ಟೂ ಮಜಾ! ಆದರೆ ಮಿತ್ರರೇ, ಸ್ಟೇರಿಂಗು ನಮ್ಮ ಕೈಯಲ್ಲೇ ಇದ್ದಾಗ...?

ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ ನ್ಯೂರ್‌ಬರ್ಗ್ ಎಂಬ ಪುಟ್ಟ ಊರು. ಗುಡ್ಡದ ಮೇಲೆ ಹಳೇ ಕೋಟೆ, ಸುತ್ತ ದಟ್ಟ ಕಾಡು. ಆ ಕಾಡನ್ನು ಸೀಳಿಕೊಂಡು 1927ರಿಂದ ಹಾವಿನಂತೆ ಮಲಗಿದೆ ನಾರ್ಡ್‌ಶ್ಲೈಫೆ ರೇಸ್ ಟ್ರ್ಯಾಕ್. ಈಗ ಒಂದು ಸುತ್ತಿಗೆ 20.8 ಕಿಲೋಮೀಟರು, 73 ತಿರುವು! ಇದಕ್ಕೆ 'ಹಸಿರು ನರಕ' ಅಂತ ಹೆಸರಿಟ್ಟವನು ಜಾಕಿ ಸ್ಟೀವರ್ಟ್. 1968ರಲ್ಲಿ ಮಳೆ-ಮಂಜಿನ ನಡುವೆ ಇಲ್ಲಿ ನಾಲ್ಕು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದವನೇ ಹೀಗಂದರೆ ನಮ್ಮ ಪಾಡೇನು?

ರೇಸ್ ಇಲ್ಲದ ಕೆಲವು ದಿನ ಟಿಕೆಟ್ ಕೊಂಡು ಯಾರು ಬೇಕಾದರೂ ಕಾರು ಇಳಿಸಬಹುದು. ಲೈಸೆನ್ಸ್ ಇರಬೇಕು, ಅಷ್ಟೇ. ತಡೆಗಂಬಿಗೆ ಗುದ್ದಿದರೆ ರಿಪೇರಿ ಖರ್ಚು ಗುದ್ದಿದವನದೇ! ಕಲೋನಿನಲ್ಲಿ ಕೆಲಸದಲ್ಲಿರುವ ನನ್ನ ಹಳೇ ಗೆಳೆಯ ತನ್ನ ಪೋರ್ಶೆ 911ರ ಕೀಲಿ ಕೈಗಿಟ್ಟ. ಎರಡು ಸುತ್ತಿಗೆ ಟಿಕೆಟ್ ತಗೊಂಡೆ. ಗೇಟು ದಾಟುವಾಗ ಬಿಸಿಲು. ಎರಡು ಮೈಲಿ ಹೋಗುವಷ್ಟರಲ್ಲಿ ಮಳೆ! ಇಲ್ಲಿ ಒಂದು ಮಗ್ಗುಲು ಒಣಗಿದ್ದರೆ ಇನ್ನೊಂದು ಮಗ್ಗುಲು ನೆನೆದಿರುತ್ತೆ.

"ಲೋ, ರೇಸುಗಾರರು ಹೋಗೋ ದಾರಿ ಇದೆಯಲ್ಲ, ಮಳೇಲಿ ಅದೇ ಜಾರೋದು" ಅಂದ ಗೆಳೆಯ. "ಟೈರಿನ ರಬ್ಬರು ಮೆತ್ತಿ ಮೆತ್ತಿ ನುಣುಪಾಗಿರುತ್ತೆ. ಅದನ್ನ ಬಿಟ್ಟು ಓಡಿಸು. ಬ್ರೇಕು ನೇರ ದಾರೀಲೇ ಮುಗಿಸು. ಈ ಕಾರಿಗೆ ಎಂಜಿನ್ ಹಿಂದಿದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟೆಯೋ, ಬಾಲ ಬೀಸುತ್ತೆ!"

ಬೆರ್ಗ್‌ವೆರ್ಕ್ ತಿರುವಿಗೆ ಮುಂಚೆ ಅವನು ಮಾತು ನಿಲ್ಲಿಸಿ ಕೈ ತೋರಿಸಿದ. 'ರಷ್' (2013) ಚಿತ್ರ ನೋಡಿದವರಿಗೆ ಗೊತ್ತು. 1976ರ ಆಗಸ್ಟ್ 1ರಂದು, ಅರೆಬರೆ ಒಣಗಿದ ರಸ್ತೆಯಲ್ಲಿ, ನಿಕಿ ಲೌಡಾನ ಫೆರಾರಿ ಹೊತ್ತಿ ಉರಿದದ್ದು ಇಲ್ಲೇ. ಹಿಂದೆ ಬಂದ ನಾಲ್ವರು ಚಾಲಕರು ಕಾರು ನಿಲ್ಲಿಸಿ, ಬೆಂಕಿಗೆ ನುಗ್ಗಿ ಅವನನ್ನು ಎಳೆದರು. ಅಲ್ಲಿ ಡ್ಯೂಪ್ ಯಾರೂ ಇರಲಿಲ್ಲ!

ಇಷ್ಟು ಕೇಳಿಯೂ ನನಗೆ ಬುದ್ಧಿ ಬಂತೇ? ಇಲ್ಲ. ಬ್ರುನ್‌ಶೆನ್ ತಿರುವಿನಲ್ಲಿ ಬೇಲಿಯಾಚೆ ಕೊಡೆ ಹಿಡಿದು ಜನ, ಕೈಯಲ್ಲಿ ಕ್ಯಾಮೆರಾ. ಗ್ಯಾಲರಿ ಕಂಡ ಕೂಡಲೇ ನಾನೂ ಹೀರೋ! ಗ್ಯಾಸ್ ಒತ್ತಿದೆ. ಅಭಿಮಾನಿಗಳು ರಸ್ತೆ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳ ಮೇಲೆ ಚಕ್ರ ಹತ್ತಿತು, ಬಾಲ ಸರ್ರನೆ ಆಚೆ ಹೋಯ್ತು. ಕಾಲು ತಾನಾಗೇ ಮೇಲೆದ್ದಿತು. ಮಾಡಬಾರದೆಂದದ್ದನ್ನೇ ಮಾಡಿದ್ದೆ! ಕಾರಿನ ಎಲೆಕ್ಟ್ರಾನಿಕ್ ಬ್ರೇಕು ಒಂದೊಂದೇ ಚಕ್ರ ಹಿಡಿದು ನಮ್ಮನ್ನು ನೆಟ್ಟಗೆ ಮಾಡಿತು. ತಡೆಗಂಬಿ ಒಂದು ಮೊಳ ದೂರದಲ್ಲಿತ್ತು. ಗೆಳೆಯ ಬೈಯಲಿಲ್ಲ. ಅವನ ಕೈ ಮಾತ್ರ ಬಾಗಿಲ ಹಿಡಿ ಬಿಡಲೇ ಇಲ್ಲ.

ಸುಟ್ಟ ಗಾಯದಲ್ಲೇ ಲೌಡಾ ಆರು ವಾರಕ್ಕೆ ಮೊಂಜಾದಲ್ಲಿ ಮತ್ತೆ ರೇಸಿಗಿಳಿದು ನಾಲ್ಕನೆಯವನಾದ. ಅದೇ ಅಕ್ಟೋಬರಿನಲ್ಲಿ ಜಪಾನಿನ ಫ್ಯೂಜಿಯಲ್ಲಿ ಸುರಿಮಳೆ. ಎರಡು ಸುತ್ತು ಓಡಿಸಿದವನೇ ಕಾರಿನಿಂದ ಇಳಿದುಬಿಟ್ಟ. ಒಂದೇ ಒಂದು ಪಾಯಿಂಟಿನಿಂದ ಚಾಂಪಿಯನ್ ಪಟ್ಟ ಜೇಮ್ಸ್ ಹಂಟ್ ಪಾಲಾಯಿತು. 'ಅದೇನು ಗಂಡಸುತನ' ಅಂತ ಸಿನಿಮಾ ನೋಡಿದಾಗ ನಾನೂ ಗೊಣಗಿದ್ದೆ.

ಗೇಟಿನ ಹತ್ತಿರ ಗೆಳೆಯ ಕೇಳಿದ: "ಇನ್ನೊಂದು ಸುತ್ತಿನ ಟಿಕೆಟ್ ಇದೆಯಲ್ಲೋ, ಹೋಗೋಣ್ವಾ?"

ಮಳೆ ನಿಂತಿರಲಿಲ್ಲ. "ಬೇಡ ಕಣೋ, ಕಾಫಿ ಕುಡಿಯೋಣ" ಅಂದೆ.