ಗರಿಗಾಳ

ಗರಿಗಾಳವೆಂದರೆ ಗಾಳದ ಕೊಕ್ಕೆಗೆ ನೂಲು, ಕೂದಲು, ಗರಿ ಸುತ್ತಿ ಮಾಡಿದ ಸುಳ್ಳು ಹುಳು. ಇದರಲ್ಲಿ ಬಗೆ ಹಲವು. ನೀರಿನ ಮೇಲೆ ತೇಲಬೇಕಾದದ್ದಕ್ಕೆ ಹುಂಜದ ಕುತ್ತಿಗೆಯ ಬಿರುಸು ಗರಿ ಬೇಕು. ನೀರೊಳಗೆ ಮುಳುಗಿ ಬರುವುದಕ್ಕೆ ಹ್ಯಾಟೆಯದೋ ಗೌಜಲಕ್ಕಿ ಜಾತಿಯ ಹಕ್ಕಿಯದೋ ಮೆತ್ತನೆಯ ಗರಿಯಾದರೆ ಸಾಕು. ಈ ಎರಡನೆಯದು ಮೆದುಗರಿ ಗಾಳ. ಅದಕ್ಕೆ ರೆಕ್ಕೆಯಿಲ್ಲ, ಬಾಲವಿಲ್ಲ, ಕಣ್ಣಿಲ್ಲ. ತೆಳ್ಳನೆಯ ಮೈ, ಕತ್ತಿನ ಬಳಿ ಒಂದೂವರೆ ಸುತ್ತು ಗರಿ, ಅಲ್ಲಿಗೆ ಮುಗಿಯಿತು. ಒಣಗಿದ್ದಾಗ ಯಾವ ಹುಳುವನ್ನೂ ಹೋಲದ ಈ ವಸ್ತು ನೀರಿಗೆ ಬಿದ್ದೊಡನೆ ಜೀವ ತಳೆಯುತ್ತದೆ. ಗರಿಯ ಎಳೆಗಳು ಮೈಗೆ ಅಂಟುತ್ತವೆ, ಬಿಡುತ್ತವೆ, ಮತ್ತೆ ಅಂಟುತ್ತವೆ. ತಳದಿಂದ ಮೇಲೇಳುವ ನೀರುಹುಳು ಕಾಲಾಡಿಸುವುದೂ ಹೀಗೆಯೇ. ಮೀನು ಮೋಸಹೋಗುವುದು ಆ ಅಲುಗಾಟಕ್ಕೆ.

ಕಸುಬು ಹಳೆಯದು. ಮ್ಯಾಸಿಡೋನಿಯಾದ ಮೀನುಗಾರರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟುತ್ತಿದ್ದರೆಂದು ರೋಮಿನ ಈಲಿಯನ್ ಸುಮಾರು ಕ್ರಿ.ಶ. 200ರ ಹೊತ್ತಿಗೆ ಬರೆದಿಟ್ಟ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಪ್ರಬಂಧವೊಂದರಲ್ಲಿ ಹನ್ನೆರಡು ಗರಿಗಾಳಗಳ ವಿವರವಿದೆ. ಮೆದುಗರಿಯ ತವರೆಂದರೆ ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಸೀಮೆ. 1857ರಲ್ಲಿ ಸ್ಟೀವರ್ಟ್ ಎಂಬ ಸ್ಕಾಟ್ಲೆಂಡಿನವನು ಮೂರೇ ಬಗೆಯ ಗಾಳದಿಂದ ಟ್ರೌಟ್ ಹಿಡಿಯುವ ಬಗೆಯನ್ನು ಹೇಳಿಕೊಟ್ಟ. 1885ರಲ್ಲಿ ಪ್ರಿಟ್ ಎಂಬಾತ ಯಾರ್ಕ್‌ಷೈರಿನ ಗಾಳಗಳನ್ನೆಲ್ಲ ಒಟ್ಟುಮಾಡಿ ಪುಸ್ತಕ ತಂದ. ಆ ಪಟ್ಟಿಯನ್ನು ನಿಧಾನವಾಗಿ ಓದಿದವರಿಗೆ ಅದರಲ್ಲಿ ಕಾಣುವುದು ಒಂದು ಹಳ್ಳಿಯ ಸುತ್ತಳತೆ: ಹೊಲದ ಗೌಜಲು, ಜೌಗಿನ ಹಕ್ಕಿ, ಮೊಲದ ಕಿವಿ, ರೇಷ್ಮೆ ನೂಲು. ಇವುಗಳಲ್ಲಿ ದೂರದಿಂದ ಬಂದದ್ದು ರೇಷ್ಮೆಯೊಂದೇ. ಅಲ್ಲಿಯ ರೈತನಿಗೆ ಕೊಳ್ಳಬೇಕಾಗಿದ್ದ ಆ ಒಂದು ಸಾಮಾನು ಕೋಲಾರ ಸೀಮೆಯ ಟೇಕಲ್‌ನ ರೈತನಿಗೆ ಮನೆಯ ಬೆಳೆ.

ಕನ್ನಡನಾಡಿನಲ್ಲಿ ಗಾಳಕ್ಕೆ ಅರಮನೆಯ ಚರಿತ್ರೆಯೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಮೀನಿನ ಜಾತಿ, ಅದಕ್ಕೆ ಹಾಕುವ ಮೇವು, ಕೋಲು, ದಾರ ಎಲ್ಲವೂ ಅಲ್ಲಿ ಬರುತ್ತವೆ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದ ಮೇಲೆ ಹೊರಗಿನವರ ಗಮನವೂ ಅತ್ತ ಹರಿಯಿತು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಸಿವಿಲ್ ಸರ್ವಿಸ್‌ನ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಿಂದ ‘ದಿ ರಾಡ್ ಇನ್ ಇಂಡಿಯಾ’ ಹೊರಡಿಸಿದ. 1887ರಲ್ಲಿ ಕೆರೆಯ ಗಾಳಕ್ಕೇ ಬೇರೆ ಪುಸ್ತಕ ಬರೆದ. ಇಂಥ ಪುಸ್ತಕಗಳಲ್ಲಿ ಎಲ್ಲರೂ ಹುಡುಕುವುದು ಮಹಸೀರ್ ಮೀನನ್ನು. ಕೋಲಾರ ಸೀಮೆಯವನ ಕೈಗೆ ಬರಬೇಕಾದದ್ದು ಆ ಎರಡನೆಯ ಪುಸ್ತಕ, ಏಕೆಂದರೆ ಇಲ್ಲಿ ಜೀವನದಿಯೇ ಇಲ್ಲ.

ಟೇಕಲ್ ಮಾಲೂರು ತಾಲ್ಲೂಕಿನ ಹೋಬಳಿ ಊರು. ಬೆಂಗಳೂರು–ಬಂಗಾರಪೇಟೆ ರೈಲುದಾರಿಯಲ್ಲಿ ನಿಲ್ದಾಣವಿದೆ, ಸುತ್ತ ಬಂಡೆಗುಡ್ಡಗಳಿವೆ. ಗುಡ್ಡದ ನೀರು ಇಳಿದು ನಿಲ್ಲುವುದು ಕೆರೆಗಳಲ್ಲಿ. ಮಳೆ ಕೈಕೊಟ್ಟ ವರ್ಷ ಮೀನೂ ಇಲ್ಲ, ಗಾಳವೂ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಹರಿಯತೊಡಗಿತು. ಆ ನೀರಿನ ಗುಣದ ಬಗ್ಗೆ ತಕರಾರು ಇನ್ನೂ ಇದೆ, ಇರಬೇಕಾದ್ದೇ. ಆದರೂ ವರ್ಷಗಟ್ಟಲೆ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ಮೀನು ಕಂಡದ್ದು ಸುಳ್ಳಲ್ಲ.

ಇನ್ನು ಗಾಳ ಕಟ್ಟುವ ಸಾಮಾನು. ಅದರಲ್ಲಿ ಮೊದಲ ಮಾತು ರೇಷ್ಮೆಯದು. ಹಿಪ್ಪುನೇರಳೆಯ ಕಡ್ಡಿ ಸೊಪ್ಪು ತಿಂದು, ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಾರೆ. ಅದು ಕಟ್ಟುವ ಗೂಡಿನಲ್ಲಿ ನೂರಾರು ಮೀಟರು ಉದ್ದದ ಒಂದೇ ಎಳೆ. ಈ ಸೀಮೆಯಲ್ಲಿ ಬಹುಕಾಲದಿಂದ ಬೆಳೆದ ಮಿಶ್ರತಳಿಯ ಗೂಡು ಹಳದಿ. ಆ ಹಳದಿ ಇರುವುದು ಎಳೆಯ ಮೇಲಿನ ಅಂಟಿನಲ್ಲಿ. ಸಾಬೂನು, ಸೋಡಾ ಹಾಕಿ ಕುದಿಸಿದರೆ ಅಂಟಿನ ಜೊತೆ ಬಣ್ಣವೂ ಹೋಗಿ ಬೆಳ್ಳಗಿನ ಎಳೆ ಉಳಿಯುತ್ತದೆ. ಗಾಳ ಕಟ್ಟುವವನು ಅದನ್ನು ಹುರಿ ಮಾಡಿ, ಕಿತ್ತಳೆ, ಹಳದಿ, ನೇರಳೆ ಬಣ್ಣ ಹಾಕಿಸಿಕೊಳ್ಳುತ್ತಾನೆ. ರೇಷ್ಮೆ ನೆನೆದಾಗ ಬಣ್ಣ ಬದಲಿಸುತ್ತದೆ. ಕಿತ್ತಳೆ ಕಂದಾಗುತ್ತದೆ, ಹಳದಿ ಹಸಿರಿಗೆ ತಿರುಗುತ್ತದೆ, ಒಳಗಿನ ಕಬ್ಬಿಣದ ಕಪ್ಪು ಹೊರಗೆ ಇಣುಕುತ್ತದೆ. ಆದ್ದರಿಂದ ಅಂಗೈಯಲ್ಲಿ ಚಂದ ಕಂಡ ಗಾಳವನ್ನು ಒಂದು ಲೋಟ ನೀರಿಗೆ ಹಾಕಿ ನೋಡದೆ ಬಣ್ಣದ ತೀರ್ಮಾನಕ್ಕೆ ಬರಬಾರದು.

ಈ ಲೇಖಕನ ಮನೆಯಲ್ಲಿ ಹುಳು ಸಾಕುತ್ತಿದ್ದ ಕಾಲಕ್ಕೆ ಹಣ್ಣು ಹುಳುವನ್ನು ಮಕ್ಕಳು ಮುಟ್ಟುವಂತಿರಲಿಲ್ಲ. “ಕೈಯಾಗೆ ಹೊಗೆಸೊಪ್ಪು ವಾಸ್ನೆ ಇದ್ರೂ ಹುಳ ಸಾಯ್ತದೆ, ದೂರ ನಿಂತ್ಕೊ” ಎಂದು ಅಜ್ಜಿ ಗದರುತ್ತಿದ್ದಳು. ಅದೇ ಹಣ್ಣು ಹುಳುವನ್ನು ಸ್ಪೇನಿನ ಮುರ್ಸಿಯಾದಲ್ಲಿ ಬೇಕೆಂದೇ ವಿನೆಗರಿನಲ್ಲಿ ನೆನೆಹಾಕುತ್ತಿದ್ದರು ಎಂದು ತಿಳಿದರೆ ಆಕೆ ಏನೆನ್ನುತ್ತಿದ್ದಳೋ. ನೆನೆದ ಹುಳುವನ್ನು ಬಗೆದು ಒಳಗಿನ ರೇಷ್ಮೆ ಗ್ರಂಥಿಯನ್ನು ಎರಡೂ ಕೈಯಿಂದ ಎಳೆದರೆ ಅದು ಮೊಳದಷ್ಟು ಉದ್ದದ, ಪಾರದರ್ಶಕವಾದ ಗಟ್ಟಿ ಎಳೆಯಾಗುತ್ತಿತ್ತು. ಕುದುರೆ ಬಾಲದ ಕೂದಲನ್ನು ಬಿಟ್ಟ ಮೇಲೆ ಯುರೋಪಿನ ಗಾಳಗಾರರು ಕೊಕ್ಕೆಗೆ ಕಟ್ಟುತ್ತಿದ್ದದ್ದು ಇದನ್ನೇ. ಡಾಕ್ಟರುಗಳು ಗಾಯಕ್ಕೆ ಹೊಲಿಗೆ ಹಾಕುವುದಕ್ಕೂ ಇದು ಆಗುತ್ತಿತ್ತು. 1938ರಲ್ಲಿ ನೈಲಾನ್ ಪೇಟೆಗೆ ಬಂತು. ಮಹಾಯುದ್ಧ ಮುಗಿದ ಮೇಲೆ ಹುಳುವಿನ ಎಳೆಯನ್ನು ಕೇಳುವವರೇ ಇಲ್ಲವಾದರು.

ಇನ್ನು ಗರಿ. ಗೌಜಲಕ್ಕಿಯ ಬೆನ್ನಿನ ಗರಿ ಈ ಗಾಳಕ್ಕೆ ಹೇಳಿ ಮಾಡಿಸಿದ್ದು. ಟೇಕಲ್‌ನ ಕುರುಚಲಲ್ಲಿ ಗೌಜಲು ಬೆಳಗ್ಗೆ ಕೂಗುವುದು ಕೇಳುತ್ತದೆ. ಕೇಳಿ ಸುಮ್ಮನಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವಂತಿಲ್ಲ, ಕಾಡುಮೊಲವನ್ನೂ ಹಾಗೆಯೇ. ದಕ್ಷಿಣ ಭಾರತದ ಕಾಡುಕೋಳಿಯ ಕುತ್ತಿಗೆಯಲ್ಲಿ ಮೇಣದಂಥ ಚುಕ್ಕೆಯಿರುವ ಗರಿಗಳಿವೆ. ಸಾಲ್ಮನ್ ಗಾಳದ ಶೋಕಿಗೆ ಅವು ಒಂದು ಕಾಲದಲ್ಲಿ ಹಡಗು ಹತ್ತಿದವು. 1902ರಲ್ಲಿ ಸರ್ಕಾರ ಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಿದರೂ ಕಳ್ಳಸಾಗಣೆ ನಡೆದೇ ಇತ್ತು. ಮೆದುಗರಿಗೆ ಆ ಆಡಂಬರ ಬೇಡ. ನಾಟಿ ಹ್ಯಾಟೆಯ ಕತ್ತು, ಭುಜ, ಬೆನ್ನಿನಲ್ಲಿ ಕಂದು, ಬೂದು, ಕಪ್ಪು, ಗೆರೆ, ಚುಕ್ಕೆ ಎಲ್ಲವೂ ಸಿಗುತ್ತವೆ. ಜಾತ್ರೆಯ ಮಾರನೆಯ ದಿನ ತಿಪ್ಪೆಯಲ್ಲಿ ಬಿದ್ದಿರುವುದು ಇಂಗ್ಲೆಂಡಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಮಾಲು. ಗೌಜಲಿಗೆ ತೀರಾ ಹತ್ತಿರದ್ದು ಬೇಕೆಂದರೆ ಫಾರಮ್ಮಿನಲ್ಲಿ ಸಾಕುವ ಜಪಾನಿ ಲಾವಕ್ಕಿಯ ಗರಿಯಿದೆ. ಗರಿಗಳನ್ನು ಅಂಟುವಾಳದ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ನುಸಿಗುಳಿಗೆ ಹಾಕಿದ ಡಬ್ಬಿಯಲ್ಲಿಟ್ಟರೆ ಹುಳು ಹಿಡಿಯುವುದಿಲ್ಲ. ಕೂದಲಿಗೆ ಸಾಕುಮೊಲದ ತುಪ್ಪಳ, ಕುರಿಯ ಕರಿ ಉಣ್ಣೆ ಸಾಕು.

ಕಟ್ಟುವುದು ಹೀಗೆ. 14ನೇ ನಂಬರಿನ ಕೊಕ್ಕೆಯನ್ನು ಪುಟ್ಟ ಹಿಡಿಕಟ್ಟಿಗೆ ಸಿಕ್ಕಿಸಿ, ಜೇನುಮೇಣಕ್ಕೆ ರಾಳ ಬೆರೆಸಿದ ಉಂಡೆಯ ಮೇಲೆ ರೇಷ್ಮೆಯನ್ನು ಎಳೆದು ಅಂಟು ಬರಿಸಬೇಕು. ನೂಲನ್ನು ಕೊಕ್ಕೆಯ ಕಣ್ಣಿನ ಹಿಂದಿನಿಂದ ಮೊನೆಯ ನೇರದವರೆಗೆ ಸುತ್ತು ಸುತ್ತಿಗೆ ತಗುಲುವಂತೆ ಸುತ್ತಿ, ಮತ್ತೆ ಮುಂದಕ್ಕೆ ತಂದರೆ ಮೈಯಾಯಿತು. ಒಂದು ಚಿಟಿಕೆ ತುಪ್ಪಳವನ್ನು ಅದೇ ನೂಲಿನ ಮೇಲೆ ದೀಪದ ಬತ್ತಿ ಹೊಸೆದಂತೆ ಹೊಸೆದು, ಕತ್ತಿನ ಹಿಂದೆ ಎರಡು ಸುತ್ತು ಹಾಕಬೇಕು. ಈ ಉಬ್ಬು ಇಲ್ಲದಿದ್ದರೆ ಗರಿ ನೀರಿನಲ್ಲಿ ಮೈಗೆ ಅಂಟಿಕೊಂಡು ಏಳುವುದೇ ಇಲ್ಲ. ಗರಿಯ ಬುಡದ ತುಪ್ಪುಳನ್ನು ಕಿತ್ತು, ತುದಿಯನ್ನು ನೂಲಿನಡಿ ಸಿಕ್ಕಿಸಿ, ದಂಟನ್ನು ಹಿಡಿದು ಒಂದೂವರೆ ಸುತ್ತು, ಬಹಳವಾದರೆ ಎರಡು. ಹೊಸಬರು ನಾಲ್ಕು ಸುತ್ತು ಸುತ್ತಿ ಪೊರಕೆ ಮಾಡುತ್ತಾರೆ. ಕಡಿಮೆ ಕಟ್ಟುವ ಧೈರ್ಯ ಬರುವುದೇ ಇದರಲ್ಲಿ ಕಷ್ಟದ ಪಾಠ. ಕೊನೆಗೆ ತಲೆಗೆ ನೂಲಿನ ಗಂಟು.

ಕೆರೆಯಲ್ಲಿ ಹರಿವಿಲ್ಲದ ಕಾರಣ ದಾರವನ್ನು ಬೆರಳಿಂದ ಬೆರಳಿಗೆ ತುಸುತುಸುವೇ ಸುತ್ತಿಕೊಳ್ಳುತ್ತ ಗಾಳಕ್ಕೆ ನಡಿಗೆ ಕೊಡಬೇಕು. ಜಿಲೇಬಿ ಮೀನು ಇದಕ್ಕೆ ಚೆನ್ನಾಗಿ ಬೀಳುತ್ತದೆ, ಗೆಂಡೆ ಆಗೊಮ್ಮೆ ಈಗೊಮ್ಮೆ. ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಕಾಟ್ಲಾ ಇದರತ್ತ ತಿರುಗುವುದು ಅಪರೂಪ. ಕೊರಮೀನಿಗೆ ಇದು ತೀರಾ ಸಣ್ಣ ತಿಂಡಿ, ಅದಕ್ಕೆ ಕಪ್ಪೆಯಂಥದ್ದೇ ಆಗಬೇಕು. ಕೆರೆಯ ಮೀನು ಸಾಮಾನ್ಯವಾಗಿ ಹರಾಜಿನಲ್ಲಿ ಗುತ್ತಿಗೆಗೆ ಹೋಗಿರುತ್ತದಾದ್ದರಿಂದ, ಕೋಲು ಹಿಡಿದು ಏರಿಯ ಮೇಲೆ ಕೂರುವ ಮೊದಲು ಗುತ್ತಿಗೆದಾರನನ್ನು ಒಂದು ಮಾತು ಕೇಳಬೇಕು. ಎರೆಹುಳುವಿಲ್ಲದೆ ಕೋಳಿಗರಿ ತೋರಿಸಿ ಮೀನು ಹಿಡಿಯುತ್ತೇನೆಂದರೆ ಆತ ಬೇಡವೆನ್ನುವುದು ಕಡಿಮೆ.