ಬಾನುಲಿಯ ಕಂದಾಯ

ಗಾಳಿಯಲ್ಲಿ ತಾನಾಗಿ ತೇಲಿಬರುವ ಧ್ವನಿಗೂ ಬೆಲೆಯುಂಟೆ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಆ ಧ್ವನಿಯ ಹಿಂದೆ ಯಾರದೋ ಹಣ ಕರಗುತ್ತಲೇ ಇರುತ್ತದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಪ್ರಸಾರ ಕೇಂದ್ರವನ್ನು ತೆರೆದಾಗ ಅದರ ವೆಚ್ಚವನ್ನು ತಾವೇ ಹೊತ್ತರು. ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ನಮಗೆ ದೊರೆತದ್ದು ಅಲ್ಲಿಂದಲೇ. ಒಬ್ಬರ ಗಂಟು ಎಷ್ಟು ದಿನ ತಾಳೀತು? 1942ರಲ್ಲಿ ಮೈಸೂರು ಸಂಸ್ಥಾನವು ಅದನ್ನು ವಹಿಸಿಕೊಂಡಿತು.

ನನ್ನ ಬಾಲ್ಯದಲ್ಲಿ ಈ ಹಣವನ್ನು ಕೇಳುಗರೂ ಕೊಡುತ್ತಿದ್ದರು. ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸನ್ಸು ಬೇಕಿತ್ತೆಂದರೆ ನಿಮಗೆ ನಗು ಬಂದೀತು. ವರ್ಷಕ್ಕೆ 15 ರೂಪಾಯಿ. ನಮ್ಮ ತಂದೆಯವರು ಲೈಸನ್ಸಿನ ಪುಸ್ತಕವನ್ನು ಅಂಚೆಕಚೇರಿಗೆ ಒಯ್ದು, ಹಣ ಕಟ್ಟಿ, ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ವಾರ್ತೆಯ ನಡುವೆ ಧ್ವನಿ ಗೊರಗೊರ ಎಂದರೆ, “ದುಡ್ಡು ಕೊಟ್ಟಿದ್ದೇವಯ್ಯ, ಸರಿಯಾಗಿ ಹೇಳು!” ಎಂದು ಪೆಟ್ಟಿಗೆಯನ್ನೇ ಗದರಿಸುತ್ತಿದ್ದರು. 1985ರಲ್ಲಿ ಲೈಸನ್ಸು ರದ್ದಾಯಿತು. ದುಡ್ಡೇನೋ ಉಳಿಯಿತು, ಗದರಿಸುವ ಹಕ್ಕೂ ಅದರೊಡನೆ ಹೋಯಿತೆಂದು ನನಗೆ ಅನಿಸುವುದುಂಟು.

ಇಂದು ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯು 1990ರ ಕಾನೂನಿನ ಪ್ರಕಾರ ಸ್ವಾಯತ್ತ ಸಂಸ್ಥೆ. ಆದರೂ ಅದು ಬಹುಮಟ್ಟಿಗೆ ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡಿದೆ. ಅನ್ನವಿಕ್ಕುವವರ ಎದುರಿನಲ್ಲಿ ನಾಲಗೆ ತುಸು ತಡವರಿಸುವುದು ಸಹಜವಲ್ಲವೆ? ಜಾಹೀರಾತನ್ನು ನಂಬೋಣವೆಂದರೆ, ಮಡಿಕೇರಿಯಿಂದ ಬರುವ ಕೊಡವ ಭಾಷೆಯ ಕಾರ್ಯಕ್ರಮವಾಗಲಿ, ಮಂಗಳೂರಿನಿಂದ ಬರುವ ತುಳು ಕಾರ್ಯಕ್ರಮವಾಗಲಿ ದೇಶದುದ್ದಕ್ಕೂ ಸಾಬೂನು ಮಾರುವವನಿಗೆ ಏತಕ್ಕೆ ಬೇಕು? ಅವನು ಎಣಿಸುವುದು ತಲೆಗಳನ್ನು.

ಬ್ರಿಟನ್ನಿನಲ್ಲಿ 1922ರಿಂದಲೂ ಲೈಸನ್ಸಿನ ಪದ್ಧತಿಯಿದೆ. ಬಿ.ಬಿ.ಸಿ. ಬೆಳೆದದ್ದು ಆ ಹಣದಿಂದ. ಆದರೆ ಈಗ ಟೆಲಿವಿಷನ್ನಿಗೆ ತೆರಬೇಕಾದ ಆ ಶುಲ್ಕ ಸಿರಿವಂತನಿಗೂ ಕೂಲಿಕಾರನಿಗೂ ಒಂದೇ. ಇದು ನನಗೆ ಒಪ್ಪಿಗೆಯಾಗದು. ಫಿನ್ಲೆಂಡ್ ದೇಶವು 2013ರಲ್ಲಿ ಬೇರೊಂದು ಹಾದಿ ಹಿಡಿಯಿತು. ಅಲ್ಲಿ ಪ್ರಸಾರಕ್ಕೆಂದೇ ಒಂದು ತೆರಿಗೆ. ಆದಾಯಕ್ಕೆ ತಕ್ಕಂತೆ ಏರುತ್ತದೆ, ಒಂದು ಮಿತಿಯಲ್ಲಿ ನಿಲ್ಲುತ್ತದೆ, ತೀರ ಕಡಮೆ ಆದಾಯದವರನ್ನು ಮುಟ್ಟುವುದಿಲ್ಲ. ಪ್ರಸಾರದ ಹಣವು ಸರ್ಕಾರದ ಮುಂಗಡಪತ್ರದ ಹೊರಗಿರುವ ಪ್ರತ್ಯೇಕ ನಿಧಿಯಿಂದ ಸಲ್ಲುತ್ತದೆ.

ನಮ್ಮ ದೇಶದಲ್ಲಿ ಆದಾಯ ತೆರಿಗೆ ಕಟ್ಟುವವರು ಕೆಲವರೇ. ಅವರಿಂದ ಅಲ್ಪ ಮೊತ್ತವನ್ನು ಇದಕ್ಕೆಂದೇ ಪಡೆದು ಬೇರೆಯೇ ನಿಧಿಯಲ್ಲಿರಿಸಿದರೆ ಸಾಕೆಂದು ನನ್ನ ಎಣಿಕೆ. ಒಂದು ವಾರ್ತೆ ರುಚಿಸಲಿಲ್ಲವೆಂದು ಮರುವರ್ಷದ ಹಣವನ್ನು ಯಾವ ಮಂತ್ರಿಯೂ ಮೊಟಕುಗೊಳಿಸದಂತೆ, ಐದು ವರ್ಷಗಳ ಮೊತ್ತವನ್ನು ಸಂಸತ್ತು ಒಮ್ಮೆಗೇ ಗೊತ್ತುಮಾಡಲಿ.